ಗೆದ್ದವನ ಹೆಸರು ಸೋತಾ

ಜಪಾನಿನಲ್ಲಿ ಒಬ್ಬ ಆಟಗಾರ ಇದ್ದಾರೆ. 14ನೇ ವಯಸ್ಸಿಗೇ ವೃತ್ತಿಪರರಾದವರು. 2016ರ ಡಿಸೆಂಬರಿನಲ್ಲಿ ಆಡಿದ ಮೊದಲ ಪಂದ್ಯದಲ್ಲೇ 76 ವರ್ಷದ ಹಿರಿಯ ಆಟಗಾರ ಕಾಟೋ ಹಿಫುಮಿ ಅವರನ್ನು ಸೋಲಿಸಿದರು. ಅಲ್ಲಿಂದ ಸತತವಾಗಿ 29 ಪಂದ್ಯ ಗೆದ್ದರು. 2023ರ ಅಕ್ಟೋಬರ್ ಹೊತ್ತಿಗೆ ಆ ಆಟದ ಎಂಟು ದೊಡ್ಡ ಪಟ್ಟಗಳೂ ಅವರ ಕೈಯಲ್ಲೇ ಇದ್ದವು. ಅವರಿಗಿಂತ ಮೊದಲು ಯಾರೂ ಎಂಟನ್ನೂ ಒಟ್ಟಿಗೆ ಹಿಡಿದಿರಲಿಲ್ಲ. ಅವರ ಹೆಸರು ಫುಜಿಯಿ ಸೋತಾ.

ಹೌದು, ಸೋತಾ. ಇಡೀ ಪ್ರಪಂಚದಲ್ಲಿ ನಗು ಬರೋದು ಕನ್ನಡದವರಿಗೆ ಮಾತ್ರ. ನಾವೂ ನಕ್ಕಿದ್ವಿ. ಆದರೆ ಆ ಆಟ ಕಲಿಯೋಕೆ ಶುರು ಮಾಡಿ ಒಂದು ಸೆಮ್ ಆದ ಮೇಲೆ ಈ ಹೆಸರು ಸರಿಯಾಗೇ ಇದೆ ಅನ್ನಿಸ್ತಿದೆ. ಯಾಕಂದ್ರೆ ಆ ಆಟದಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ ಇರೋದೇ 'ಸೋತೆ' ಅನ್ನೋ ಮಾತಿನ ಆಚೆ.

ಆಟದ ಹೆಸರು ಶೋಗಿ. ಜಪಾನಿನ ಚದುರಂಗ ಅಂದ್ಕೊಳ್ಳಿ. ಇದನ್ನು ಕಲಿತರೆ ಮೆದುಳು ಚುರುಕಾಗುತ್ತೆ, ಪ್ಲೇಸ್‌ಮೆಂಟ್‌ನಲ್ಲಿ ಆಪ್ಟಿಟ್ಯೂಡ್ ಸುಲಭ ಆಗುತ್ತೆ ಅಂತೆಲ್ಲ ಹೇಳೋಕೆ ನಾವು ಬಂದಿಲ್ಲ. ನಾವು ಹೇಳೋದು ಇಷ್ಟು: ಈ ಆಟದಲ್ಲಿ ಪಂದ್ಯ ಮುಗಿದ ಮೇಲೆ ನಡೆಯೋ ಒಂದು ಕೆಲಸ ಇದೆ. ಅದು ನಮ್ಮ ಕಾಲೇಜಿಗೆ ಬೇಕು. ನಮ್ಮ ಕ್ಲಾಸಿಗೆ, ನಮ್ಮ ಲ್ಯಾಬಿಗೆ ಬೇಕು. ಆಟ ಕಲಿಯದೆಯೂ ಅದನ್ನು ತರಬಹುದೇನೋ, ಆದರೆ ಆಟ ಕಲಿತರೆ ಅದು ಯಾಕೆ ಬೇಕು ಅನ್ನೋದು ಬೇಗ ತಲೆಗೆ ಹೋಗುತ್ತೆ.

ಮೊದಲು ಆಟ ಏನು ಅಂತ ಹೇಳಿಬಿಡ್ತೀವಿ. ಉದ್ದ 9, ಅಗಲ 9, ಒಟ್ಟು 81 ಮನೆಗಳ ಹಲಗೆ. ಒಬ್ಬೊಬ್ಬರಿಗೆ 20 ಕಾಯಿ. ಎಲ್ಲ ಕಾಯಿಗಳದ್ದೂ ಒಂದೇ ಬಣ್ಣ, ಐದು ಬದಿಯ ಚಪ್ಪಟೆ ಮರದ ತುಂಡುಗಳು. ಚೂಪು ತುದಿ ಯಾರ ಕಡೆ ತಿರುಗಿದೆಯೋ ಅವರು ಎದುರಾಳಿ, ಅಷ್ಟೇ ಗುರುತು. ಕಾಯಿಗಳ ಮೇಲೆ ಜಪಾನಿ ಅಕ್ಷರ ಬರೆದಿರುತ್ತೆ. ಹೊಸಬರಲ್ಲಿ ಮುಕ್ಕಾಲು ಪಾಲು ಜನ ಅದನ್ನು ನೋಡಿಯೇ ಎದ್ದು ಹೋಗ್ತಾರೆ. ನಾವು ಅದಕ್ಕೆ ಕನ್ನಡದ ಹೆಸರು ಇಟ್ಕೊಂಡ್ವಿ. ಹೊಸದಾಗಿ ಹುಟ್ಟಿಸಬೇಕಾಗಿಯೂ ಬರಲಿಲ್ಲ, ಹೆಚ್ಚಿನವು ಜಪಾನಿ ಹೆಸರಿನ ಅರ್ಥಗಳೇ. ಕಿನ್ ಅಂದ್ರೆ ಚಿನ್ನ, ಗಿನ್ ಅಂದ್ರೆ ಬೆಳ್ಳಿ. ಹಿಶಾ ಅಂದ್ರೆ ಹಾರುವ ರಥ, ನಮಗೆ ಬರೀ ರಥ. ಮೂಲೆಯಿಂದ ಮೂಲೆಗೆ ಓಡೋದು ಮೂಲೆ. ನೇರ ಮುಂದಕ್ಕೆ ಮಾತ್ರ ಹೋಗೋದು ಈಟಿ. ಮಿಕ್ಕಿದ್ದು ರಾಜ, ಕುದುರೆ, ಕಾಲಾಳು. ರಾಜ, ರಥ, ಮೂಲೆ ಒಂದೊಂದು. ಚಿನ್ನ, ಬೆಳ್ಳಿ, ಕುದುರೆ, ಈಟಿ ಎರಡೆರಡು. ಕಾಲಾಳು ಒಂಬತ್ತು. ಎದುರಾಳಿಯ ಕೊನೆಯ ಮೂರು ಸಾಲಿನೊಳಗೆ ನುಗ್ಗಿದರೆ ಕಾಯಿಯನ್ನು ಮಗುಚಿ ಹಾಕಿ ಬಡ್ತಿ ಕೊಡಬಹುದು. ರಾಜನಿಗೂ ಚಿನ್ನಕ್ಕೂ ಮಾತ್ರ ಬಡ್ತಿ ಇಲ್ಲ.

ಇಷ್ಟಾದರೆ ನಮ್ಮ ಚೆಸ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಒಂದು ನಿಯಮದಲ್ಲಿ. ಇಲ್ಲಿ ಹೊಡೆದ ಕಾಯಿ ಸಾಯಲ್ಲ. ನಿಮ್ಮ ಬೆಳ್ಳಿಯನ್ನು ನಾನು ಹೊಡೆದರೆ ಅದು ನನ್ನ ಕೈಗೆ ಬರುತ್ತೆ. ಆಮೇಲೆ ನನ್ನ ಸರದಿಯಲ್ಲಿ, ಕಾಯಿ ನಡೆಸೋ ಬದಲು, ಅದನ್ನು ಬಹುತೇಕ ಯಾವ ಖಾಲಿ ಮನೆಯಲ್ಲಿ ಬೇಕಾದರೂ ಇಡಬಹುದು. ಈಗ ಅದು ನನ್ನ ಬೆಳ್ಳಿ, ತುದಿ ನಿಮ್ಮ ಕಡೆ. ಎರಡೂ ಕಡೆಯ ಕಾಯಿಗಳ ಬಣ್ಣ ಒಂದೇ ಇರೋದು ಇದಕ್ಕೇ ಅನುಕೂಲ. ಇದಕ್ಕೆ ಕೆಲವು ಕಟ್ಟುಪಾಡುಗಳಿವೆ. ಮುಖ್ಯವಾದದ್ದು, ಒಂದೇ ನೇರ ಸಾಲಿನಲ್ಲಿ ನಿಮ್ಮದೇ ಎರಡು ಕಾಲಾಳು ಇರುವ ಹಾಗೆ ಇಡಬಾರದು. ಇಟ್ಟರೆ ಆ ಕ್ಷಣವೇ ಸೋಲು. ಟಿವಿಯಲ್ಲಿ ಬರುತ್ತಿದ್ದ ಪಂದ್ಯದಲ್ಲೇ ವೃತ್ತಿಪರರು ಹೀಗೆ ಮಾಡಿ ಸೋತಿದ್ದಾರೆ.

ಇದರಿಂದ ಆಟದ ಸ್ವಭಾವವೇ ಬೇರೆ ಆಗುತ್ತೆ. ಚೆಸ್‌ನಲ್ಲಿ ಆಟ ಮುಂದುವರಿದಂತೆ ಬೋರ್ಡು ಖಾಲಿಯಾಗುತ್ತಾ ಹೋಗುತ್ತೆ. ಶೋಗಿಯಲ್ಲಿ ಶುರುವಿನಲ್ಲಿದ್ದ 40 ಕಾಯಿ ಕೊನೆವರೆಗೂ 40. ಹಲಗೆ ಮೇಲೆ ಇಲ್ಲದ್ದು ಯಾರದೋ ಕೈಯಲ್ಲಿ ಇರುತ್ತೆ. ಫಿಸಿಕ್ಸ್‌ನ ಕನ್ಸರ್ವೇಶನ್ ನಿಯಮ ಇದ್ದ ಹಾಗೆ. ಹೀಗಾಗಿ ಡ್ರಾ ಕಮ್ಮಿ, ಕೊನೆಕೊನೆಗೆ ಆಟ ಇನ್ನೂ ಬಿರುಸು. ಒಂದು ಯಕಃಶ್ಚಿತ್ ಕಾಲಾಳು ಕೈಯಲ್ಲಿ ಇಲ್ಲದೆ ಗೆಲ್ಲೋ ಆಟ ತಪ್ಪಿಹೋಗುತ್ತೆ. ಕಾಲಾಳು ಇಲ್ಲದ ಶೋಗಿ ಸೋಲುವ ಶೋಗಿ ಅಂತ ಅವರಲ್ಲಿ ಗಾದೆಯೇ ಇದೆ.

ಎರಡನೇ ಮಹಾಯುದ್ಧ ಮುಗಿದು ಜಪಾನ್ ಅಮೆರಿಕದ ಸೇನೆಯ ಹಿಡಿತದಲ್ಲಿದ್ದಾಗ ಈ ನಿಯಮದ ಬಗ್ಗೆಯೇ ಒಂದು ವಾದ ನಡೆಯಿತಂತೆ. ಮಸುದಾ ಕೋಜೋ ಅನ್ನೋ ದೊಡ್ಡ ಆಟಗಾರ ಆಮೇಲೆ ಹೇಳಿಕೊಂಡ ಕತೆ ಇದು. ಸೇನೆಯ ಅಧಿಕಾರಿಗಳು ಅವರನ್ನು ಕರೆಸಿ, ಸೆರೆ ಸಿಕ್ಕವರನ್ನು ತಮ್ಮ ಕಡೆಯಿಂದ ಹೋರಾಡಿಸೋದು ಕೈದಿಗಳಿಗೆ ಮಾಡುವ ಅನ್ಯಾಯ ಅಲ್ಲವೇ ಅಂತ ಕೇಳಿದರಂತೆ. ಅದಕ್ಕೆ ಮಸುದಾ ಕೊಟ್ಟ ಉತ್ತರದ ಸಾರ: ನಿಮ್ಮ ಚೆಸ್‌ನಲ್ಲಿ ಸಿಕ್ಕವರನ್ನು ಕೊಂದು ಬಿಸಾಡ್ತೀರಿ, ನಮ್ಮಲ್ಲಿ ಚಿನ್ನ ಚಿನ್ನವಾಗೇ, ಬೆಳ್ಳಿ ಬೆಳ್ಳಿಯಾಗೇ ಇದ್ದು ಕೆಲಸ ಮಾಡುತ್ತೆ. ಯಾರ ವಾದ ಸರಿ ಅನ್ನೋದು ಬೇರೆ ಮಾತು. ಹೊಡೆಸಿಕೊಂಡದ್ದಕ್ಕೆ ಬೆಲೆ ಕಮ್ಮಿ ಆಗಲ್ಲ ಅನ್ನೋ ಲೆಕ್ಕ ಮಾತ್ರ ನಮಗೆ ಇಷ್ಟ ಆಯ್ತು.

ಈಗ ಪಂದ್ಯ ಮುಗಿಯೋ ರೀತಿ ನೋಡಿ. ವೃತ್ತಿಪರರ ಪಂದ್ಯದಲ್ಲಿ ರಾಜ ನಿಜವಾಗಿ ಸಿಕ್ಕಿಬೀಳೋ ತನಕ ಆಡೋದು ಕಮ್ಮಿ. ಇನ್ನು ದಾರಿ ಇಲ್ಲ ಅಂತ ಗೊತ್ತಾದವರು ತಲೆ ಬಾಗಿಸಿ 'ಮಾಕೆಮಾಶಿತಾ' ಅಂತಾರೆ. ಅಂದ್ರೆ 'ನಾನು ಸೋತೆ'. ಗೆದ್ದವರು ಅಲ್ಲಿ ಕೈ ಎತ್ತಿ ಕುಣಿಯಲ್ಲ, ಅವರೂ ತಲೆ ಬಾಗಿಸ್ತಾರೆ. ಅಂದ್ರೆ ಫಲಿತಾಂಶ ಹೇಳೋ ಹಕ್ಕು ಸೋತವರದ್ದು.

ಆಮೇಲೆ ಯಾರೂ ಎದ್ದು ಹೋಗಲ್ಲ. ಕಾಯಿಗಳನ್ನು ಮತ್ತೆ ಮೊದಲಿನ ಜಾಗಕ್ಕೆ ಇಟ್ಟು, ಇಬ್ಬರೂ ಸೇರಿ ಇಡೀ ಆಟವನ್ನು ಅಥವಾ ಅದರ ಮುಖ್ಯ ಭಾಗವನ್ನು ಇನ್ನೊಮ್ಮೆ ನಡೆಸ್ತಾರೆ. ಇಲ್ಲಿ ನೀವು ಹೀಗೆ ಇಟ್ಟಿದ್ದರೆ? ಆಗ ನಾನು ಹೀಗೆ ಬರ್ತಿದ್ದೆ. ಓ, ಅದು ನನಗೆ ಕಾಣಲೇ ಇಲ್ಲ. ಇಡೀ ದಿನ ಆಡಿ ರಾತ್ರಿ ಆಗಿದ್ದರೂ ಕೂತು ಮಾತಾಡ್ತಾರೆ. ಇದಕ್ಕೆ ಕನ್ಸೋಸೆನ್ ಅಂತ ಹೆಸರು. ಕನ್ಸೋ ಅಂದ್ರೆ ಅನಿಸಿಕೆ, ಸೆನ್ ಅಂದ್ರೆ ಕಾಳಗ. ಅನಿಸಿಕೆಗಳ ಕಾಳಗ. ಚೆಸ್‌ನಲ್ಲೂ ಇಂಥದ್ದು ಇದೆ, ಇಲ್ಲ ಅನ್ನಲ್ಲ. ಅಲ್ಲಿ ಅದಕ್ಕೆ ಪೋಸ್ಟ್‌ಮಾರ್ಟಮ್ ಅಂತಾರೆ. ಹೆಸರಿನಲ್ಲೇ ವ್ಯತ್ಯಾಸ ಇದೆ ನೋಡಿ. ಒಂದು ಕಡೆ ಹೆಣ ಕೊಯ್ಯೋದು, ಇನ್ನೊಂದು ಕಡೆ ಬದುಕಿರೋ ಇಬ್ಬರು ಮಾತಾಡೋದು.

ಕನ್ಸೋಸೆನ್‌ನಲ್ಲಿ ನಮಗೆ ದೊಡ್ಡದಾಗಿ ಕಂಡದ್ದು ಗೆದ್ದವರ ಪಾಲು. ಗೆದ್ದವರು ತಾವು ಎಲ್ಲಿ ಹೆದರಿದ್ದೆವು, ಯಾವ ನಡೆ ಬಂದಿದ್ದರೆ ಮುಗಿದು ಹೋಗ್ತಿದ್ದೆವು ಅನ್ನೋದನ್ನು ಹೇಳಬೇಕು. ಅಂದ್ರೆ ನಾಳೆ ತಮ್ಮನ್ನೇ ಸೋಲಿಸಬಹುದಾದ ದಾರಿಯನ್ನು ಇವತ್ತೇ ಎದುರಾಳಿಗೆ ತೋರಿಸಬೇಕು. ಗೆದ್ದವರು ಇಷ್ಟು ಕೊಟ್ಟಾಗ ಸೋತವರಿಗೆ ಬಾಯಿ ಬಿಡೋಕೆ ನಾಚಿಕೆ ಆಗಲ್ಲ. ಸೋತವರು ಮಾತ್ರ ತಮ್ಮ ತಪ್ಪು ಒಪ್ಪಿಸೋದಾದರೆ ಅದು ವಿಚಾರಣೆ. ಇಬ್ಬರೂ ಹೇಳಿದರೆ ಮಾತ್ರ ಕಲಿಕೆ.

ಫುಜಿಯಿ ಸೋತಾ ಕತೆಯಲ್ಲೂ ಇದೇ ಇದೆ. ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಮಕ್ಕಳ ಟೂರ್ನಮೆಂಟಿನಲ್ಲಿ ಅದೇ ವಯಸ್ಸಿನ ಒಬ್ಬ ಹುಡುಗನಿಗೆ ಸೋತು ಜೋರಾಗಿ ಅತ್ತರಂತೆ. ಆ ಹುಡುಗನ ಹೆಸರು ಇತೋ ತಾಕುಮಿ. ಇಬ್ಬರೂ 2002ರಲ್ಲಿ ಹುಟ್ಟಿದವರು. 2024ರ ಜೂನ್‌ನಲ್ಲಿ ಎಂಟು ಪಟ್ಟಗಳಲ್ಲಿ ಒಂದನ್ನು ಕಿತ್ತುಕೊಂಡು ಎಂಟನ್ನು ಏಳು ಮಾಡಿದ್ದು ಅದೇ ಇತೋ. ಅವತ್ತೂ ಪದ್ಧತಿಯಂತೆ 'ಸೋತೆ' ಅಂತ ತಲೆ ಬಾಗಿಸಿದ್ದು ಎಲ್ಲ ಗೆದ್ದಿದ್ದವರೇ.

ಈಗ ನಮ್ಮ ಕಡೆ ಬರೋಣ. ಇಂಟರ್ನಲ್ಸ್ ಮುಗಿಯುತ್ತೆ. ಬ್ಲೂಬುಕ್ ಕೈಗೆ ಬರುತ್ತೆ. ಮೊದಲ ಪುಟದ ಟೋಟಲ್ ನೋಡ್ತೀವಿ, ಕೂಡಿಸಿದ್ದು ಸರಿ ಇದೆಯಾ ಅಂತ ಚೆಕ್ ಮಾಡ್ತೀವಿ, ಸೈನ್ ಹಾಕಿ ವಾಪಸ್ ಕೊಡ್ತೀವಿ. ಅಲ್ಲಿಗೆ ಮುಗೀತು. ಮೂರನೇ ಪ್ರಶ್ನೆಯಲ್ಲಿ ನಾವು ಯಾಕೆ ಆ ದಾರಿ ಹಿಡಿದ್ವಿ, ಯಾವ ಸಾಲಿನವರೆಗೆ ಸರಿ ಇತ್ತು, ಪಕ್ಕದಲ್ಲಿ ಫುಲ್ ಮಾರ್ಕ್ಸ್ ತಗೊಂಡವರು ಅದೇ ಜಾಗದಲ್ಲಿ ಏನು ಯೋಚನೆ ಮಾಡಿದರು, ಇದನ್ನು ಕೇಳೋರೂ ಇಲ್ಲ, ಹೇಳೋರೂ ಇಲ್ಲ. ಒಂದು ಸೆಕ್ಷನ್‌ನಲ್ಲಿ ಅರವತ್ತು ಜನ ಇದ್ದರೆ ಮೇಷ್ಟ್ರುಗಳಿಗೆ ಸಮಯ ಎಲ್ಲಿಂದ ಬರಬೇಕು? ಅವರನ್ನು ದೂರಿ ಪ್ರಯೋಜನ ಇಲ್ಲ. ಆದರೆ ಫೇಲ್ ಆದವರು ಗುಂಪಿನಿಂದ ಮೆಲ್ಲಗೆ ಮಾಯ ಆಗ್ತಾರೆ. ಮೆಸ್ಸಿಗೆ ಬೇರೆ ಟೈಮಿಗೆ ಬರ್ತಾರೆ. ವಾಟ್ಸ್ಯಾಪ್ ಗ್ರೂಪಿನಲ್ಲಿ ಸುಮ್ಮನೆ ಇರ್ತಾರೆ. ಹೊಡೆದ ಕಾಯಿಯನ್ನು ಡಬ್ಬಿಗೆ ಹಾಕಿ ಮುಚ್ಚಿದ ಹಾಗೆ.

ನಾವು ಐದು ಜನ ಶೋಗಿ ಆಡ್ತೀವಿ. ನಾಲ್ವರು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಒಬ್ಬ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅವನಿಗೆ ಮೂರು ಬ್ಯಾಕ್ ಇದೆ. ಅವನನ್ನು ಕೇಳಿಯೇ ಇದನ್ನು ಬರೀತಿದ್ದೀವಿ. ಲ್ಯಾಬ್ ವೈವಾದಲ್ಲಿ ಅವನು ನೆಲ ನೋಡ್ಕೊಂಡು ನಿಲ್ತಾನೆ. ಉತ್ತರ ಗೊತ್ತಿರುತ್ತೆ, ಇಂಗ್ಲಿಷ್ ವಾಕ್ಯ ಕಟ್ಟೋ ಹೊತ್ತಿಗೆ ಮುಂದಿನ ಪ್ರಶ್ನೆ ಬಂದಿರುತ್ತೆ. ಅವನೇ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋದು. ಅದು ದೊಡ್ಡ ವಿಷಯ ಅಲ್ಲ, ಆಟದಲ್ಲಿ ಯಾರೋ ಒಬ್ಬರು ಮುಂದೆ ಇರಲೇಬೇಕು. ದೊಡ್ಡ ವಿಷಯ ಏನಂದ್ರೆ, ಆಟ ಮುಗಿದ ಮೇಲಿನ ಮಾತಿನಲ್ಲಿ ಅವನನ್ನು ನಿಲ್ಲಿಸೋಕೇ ಆಗಲ್ಲ. ಒಂಬತ್ತು ನಡೆ ಹಿಂದಕ್ಕೆ ಹೋಗಿ, 'ಇಲ್ಲಿ ನಿನ್ನ ಚಿನ್ನ ರಾಜನ್ನ ಬಿಟ್ಟು ದೂರ ಹೋಯ್ತಲ್ಲ, ಆಗಲೇ ನಾನು ಈಟಿ ಹೊಂಚು ಹಾಕಿದ್ದು' ಅಂತ ಶುರು ಮಾಡ್ತಾನೆ. ನಾವು ಥ್ರೆಟ್ ಅಂತಿದ್ದದ್ದು ಅವನ ಬಾಯಲ್ಲಿ ಹೊಂಚು. ನಾವು ಫೋರ್ಕ್ ಅಂತಿದ್ದದ್ದು ಎರಡು ಕಡೆ ಕುತ್ತು. ಈಗ ನಾವೂ ಹಾಗೇ ಅಂತೀವಿ.

ಕಾರಣ ಹೇಳೋದು ಒಂದು ಕೌಶಲ. ಅದು ಬರಬೇಕು ಅಂದ್ರೆ ಭಾಷೆ ಅಡ್ಡ ಬರಬಾರದು. ವೈವಾದಲ್ಲಿ ಸುಮ್ಮನಿರೋ ಎಷ್ಟೋ ಜನ ಯೋಚನೆ ಮಾಡದವರಲ್ಲ. ಅವರು ಯೋಚನೆ ಮಾಡಿದ ಭಾಷೆಯಲ್ಲಿ ಅವರನ್ನು ಯಾರೂ ಕೇಳಿಲ್ಲ, ಅಷ್ಟೇ. ಕನ್ನಡ ಸಂಘದ ಪತ್ರಿಕೆಯಲ್ಲಿ ಜಪಾನಿ ಆಟದ ಬಗ್ಗೆ ಯಾಕೆ ಬರೀತೀರಿ ಅಂತ ಕೇಳಿದವರಿಗೆ ನಮ್ಮ ಮೊದಲ ಉತ್ತರ ಇದು.

ಎರಡನೇ ಉತ್ತರ ಇನ್ನೂ ಹಳೇದು. ಚೆಸ್ ಆಗಲಿ, ಶೋಗಿ ಆಗಲಿ, ಎರಡರ ಬೇರೂ ನಮ್ಮ ಚತುರಂಗದ ಕಡೆಗೇ ಹೋಗುತ್ತೆ ಅಂತ ಆಟಗಳ ಇತಿಹಾಸ ಬಲ್ಲವರು ಹೇಳ್ತಾರೆ. ಜಪಾನಿನ ನಾರಾದಲ್ಲಿ ಕೋಫುಕು-ಜಿ ದೇವಾಲಯದ ಜಾಗದಲ್ಲಿ ಸಿಕ್ಕಿರೋ ಶೋಗಿ ಕಾಯಿಗಳು 11ನೇ ಶತಮಾನದವು, ಅವುಗಳ ಜೊತೆ 1058ನೇ ಇಸವಿಗೆ ಸೇರಿದ ಮರದ ಪಟ್ಟಿಯೊಂದು ಸಿಕ್ಕಿದೆ. ಅದೇ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ಅಲ್-ಬಿರೂನಿ ಇಲ್ಲಿಯ ಚತುರಂಗದ ಆನೆಯನ್ನು ವರ್ಣಿಸಿದ್ದಾನೆ. ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗೆ ಒಂದೊಂದು ಮನೆ. ಮುಂದಿನದು ಸೊಂಡಿಲು, ಮೂಲೆಯವು ನಾಲ್ಕು ಕಾಲು. ಶೋಗಿಯ ಬೆಳ್ಳಿಯ ನಡೆ ಅಚ್ಚುಕಟ್ಟಾಗಿ ಅದೇ! ನಾವು ಇವತ್ತು ಚೆಸ್‌ನಲ್ಲಿ ಆನೆ ಅಂತ ಕರೆಯೋದು ನೇರ ಓಡೋ ಕಾಯಿಯನ್ನು. ಸೊಂಡಿಲಿದ್ದ ಆ ಹಳೇ ಆನೆಯ ನಡೆಯನ್ನು ನಾವು ನೋಡಿದ್ದು ಜಪಾನಿನ ಹಲಗೆ ಮೇಲೆ.

ಇನ್ನು, ಕಂಪ್ಯೂಟರ್ ಇರುವಾಗ ಕೂತು ಮಾತಾಡೋದು ಯಾಕೆ ಅಂತ ಕೇಳಬಹುದು. ನಮ್ಮ ಸಿಎಸ್ ಬ್ರಾಂಚಿನ ಗೆಳೆಯರು ಮೊದಲು ಕೇಳಿದ್ದೇ ಇದು. ನಿಜ, 2017ರಲ್ಲಿ ಪೊನಾಂಜಾ ಅನ್ನೋ ಪ್ರೋಗ್ರಾಂ ಆಗಿನ ಮೇಜಿನ್ ಪಟ್ಟದಲ್ಲಿದ್ದ ಸಾತೋ ಅಮಾಹಿಕೊ ಅವರನ್ನೇ ಸೋಲಿಸಿತು. ಅದೇ ವರ್ಷದ ಕೊನೆಗೆ ಆಲ್ಫಾಝೀರೋ ಬಂತು. ಇವತ್ತು ಜಪಾನಿನ ವೃತ್ತಿಪರರೆಲ್ಲ ಕಂಪ್ಯೂಟರ್ ಇಟ್ಕೊಂಡೇ ಅಭ್ಯಾಸ ಮಾಡ್ತಾರೆ. ಆದರೂ ಪಂದ್ಯ ಮುಗಿದ ಮೇಲೆ ಎದುರುಬದುರು ಕೂತು ಮಾತಾಡೋದನ್ನು ಬಿಟ್ಟಿಲ್ಲ. ಕಂಪ್ಯೂಟರ್ ಹೇಳೋದು ಒಂದು ಸಂಖ್ಯೆ: ಈ ನಡೆಯಿಂದ ಇಷ್ಟು ನಷ್ಟ. ನೀವು ಆ ನಡೆ ಯಾಕೆ ಆಡಿದ್ರಿ ಅಂತ ಅದಕ್ಕೆ ಗೊತ್ತಿಲ್ಲ. ಬ್ಲೂಬುಕ್ಕಿನ ಮೇಲಿರೋ ನಂಬರ್ ಕೂಡ ಹಾಗೇ. ಸುಳ್ಳಲ್ಲ, ಆದರೆ ಅರ್ಧ.

ಹಾಗಂತ ಶೋಗಿ ಜಗತ್ತು ಬರೀ ನಯ ವಿನಯ ಅಂತ ನಾವು ಹೇಳ್ತಿಲ್ಲ. ವೃತ್ತಿಪರರಾಗೋ ದಾರಿ ನಮ್ಮ ಎಂಟ್ರೆನ್ಸ್ ಎಕ್ಸಾಮುಗಳಿಗಿಂತ ಕಠಿಣ. ಶೋರೇಯ್‌ಕಾಯ್ ಅನ್ನೋ ತರಬೇತಿ ವ್ಯವಸ್ಥೆಗೆ ಚಿಕ್ಕ ವಯಸ್ಸಿನಲ್ಲೇ ಸೇರಬೇಕು. ಅದರ ಕೊನೆಯ ಮೆಟ್ಟಿಲಿನ ಲೀಗ್ ವರ್ಷಕ್ಕೆ ಎರಡು ಸಲ ನಡೆಯುತ್ತೆ. ಒಂದೊಂದು ಸಲಕ್ಕೆ ಸಾಮಾನ್ಯವಾಗಿ ಇಬ್ಬರು ಮಾತ್ರ ಮೇಲೆ ಹೋಗ್ತಾರೆ. 26 ವರ್ಷದೊಳಗೆ ಆಗದಿದ್ದರೆ, ಸಣ್ಣಪುಟ್ಟ ವಿನಾಯಿತಿ ಬಿಟ್ಟರೆ, ಹೊರಗೆ. ಬಾಲ್ಯವೆಲ್ಲ ಇದಕ್ಕೇ ಕೊಟ್ಟವರು ಹಾಗೆ ಬರಿಗೈಲಿ ಹೊರಗೆ ಬಂದಿದ್ದಾರೆ.

ಸೆಗಾವಾ ಶೋಜಿ ಅವರಲ್ಲಿ ಒಬ್ಬರು. 1996ರಲ್ಲಿ 26ರ ಗಡಿ ದಾಟಿ ಹೊರಬಿದ್ದರು. ಓದಿದರು, ಕಂಪನಿ ಕೆಲಸಕ್ಕೆ ಸೇರಿದರು. ಹವ್ಯಾಸಿಯಾಗಿ ಆಡುತ್ತಾ ವೃತ್ತಿಪರರನ್ನೇ ಮೇಲಿಂದ ಮೇಲೆ ಸೋಲಿಸತೊಡಗಿದರು. ಕೊನೆಗೆ, ನನಗೆ ಇನ್ನೊಂದು ಅವಕಾಶ ಕೊಡಿ ಅಂತ ಜಪಾನ್ ಶೋಗಿ ಸಂಸ್ಥೆಗೆ ಅರ್ಜಿ ಹಾಕಿದರು. ಸಂಸ್ಥೆ ಒಪ್ಪಿ ಅವರಿಗಾಗಿಯೇ ಒಂದು ವಿಶೇಷ ಪರೀಕ್ಷೆ ಇಟ್ಟಿತು. 2005ರ ನವೆಂಬರಿನಲ್ಲಿ, 35ನೇ ವಯಸ್ಸಿನಲ್ಲಿ, ಅದನ್ನು ಪಾಸ್ ಮಾಡಿ ವೃತ್ತಿಪರರಾದರು. ಮುಂದಿನ ವರ್ಷ ಹವ್ಯಾಸಿಗಳಿಗೆ ಅಂತ ಶಾಶ್ವತ ಪರೀಕ್ಷಾ ಪದ್ಧತಿಯೇ ಬಂತು. ಹೊಡೆಸಿಕೊಂಡ ಕಾಯಿ ಮತ್ತೆ ಹಲಗೆ ಮೇಲೆ ಬರೋ ಆಟ ಆಡೋ ಜನ, ಮನುಷ್ಯರ ವಿಷಯದಲ್ಲಿ ಆ ನಿಯಮ ತರೋಕೆ ಅಷ್ಟು ವರ್ಷ ತಗೊಂಡರು. ಆದರೆ ತಂದರು. ನಾವೂ ತರಬಹುದು.

ನಮ್ಮ ಸಲಹೆ ದೊಡ್ಡದೇನಲ್ಲ. ಯಾರ ಪರ್ಮಿಶನ್ನೂ ಬೇಕಾಗಿಲ್ಲ. ಪ್ರತಿ ಇಂಟರ್ನಲ್ಸ್ ಆದ ಮೇಲೆ, ಬ್ಲೂಬುಕ್ ವಾಪಸ್ ಕೊಡೋ ಮೊದಲು, ಇಬ್ಬಿಬ್ಬರು ಜೊತೆಯಾಗಿ ಒಂದೇ ಒಂದು ಪ್ರಶ್ನೆ ತಗೊಳ್ಳಿ. ಒಬ್ಬರಿಗೆ ಅದು ಬಂದಿರಬೇಕು, ಇನ್ನೊಬ್ಬರಿಗೆ ಬಂದಿರಬಾರದು. ಹದಿನೈದು ನಿಮಿಷ ಸಾಕು. ಬಾರದವರು ತಾವು ಏನು ಯೋಚಿಸಿದ್ದು ಅಂತ ಹೇಳಲಿ. ಬಂದವರು ತಮಗೆ ಎಲ್ಲಿ ಅನುಮಾನ ಇತ್ತು, ಯಾವುದನ್ನು ಅಂದಾಜಿನ ಮೇಲೆ ಬರೆದದ್ದು ಅನ್ನೋದನ್ನು ಹೇಳಲೇಬೇಕು. ಅದಿಲ್ಲದಿದ್ದರೆ ಇದು ಟ್ಯೂಷನ್ ಆಗಿಬಿಡುತ್ತೆ. ಯಾವ ಭಾಷೆಯಲ್ಲಿ ಯೋಚನೆ ಬರುತ್ತೋ ಅದರಲ್ಲೇ ಮಾತಾಡಿ. ಟಾಪರ್‌ಗಳೇ, ನಿಮ್ಮದೇನೂ ಕಳೆದುಹೋಗಲ್ಲ. ಕೋಡಿಂಗ್ ಕಾಂಟೆಸ್ಟ್ ಮುಗಿದ ಮೇಲೆ ಬಿಡಿಸೋಕಾಗದ ಪ್ರಾಬ್ಲಮ್‌ಗಳನ್ನು ಕೂತು ಬಿಡಿಸೋರಿಗೆ ಇದರ ರುಚಿ ಈಗಾಗಲೇ ಗೊತ್ತು.

ಆಟವನ್ನೂ ಕಲಿಯಬೇಕು ಅನ್ನಿಸಿದರೆ ಇನ್ನೂ ಒಳ್ಳೇದು. ದುಡ್ಡು ಬೇಡ. ಚಾರ್ಟ್ ಶೀಟಿನ ಮೇಲೆ ಒಂಬತ್ತಕ್ಕೆ ಒಂಬತ್ತು ಮನೆ ಗೆರೆ ಎಳೀರಿ. ಹಳೇ ಲಗ್ನಪತ್ರಿಕೆ ಕತ್ತರಿಸಿ 40 ಕಾಯಿ ಮಾಡ್ಕೊಳ್ಳಿ, ಒಂದು ಕಡೆ ಕನ್ನಡದಲ್ಲಿ ಹೆಸರು, ಹಿಂದೆ ಕೆಂಪು ಶಾಯಿಯಲ್ಲಿ ಬಡ್ತಿ ಹೆಸರು. 81 ಮನೆ ಜಾಸ್ತಿ ಅನ್ನಿಸಿದರೆ ಜಪಾನಿನಲ್ಲಿ ಮಕ್ಕಳಿಗೆ ಅಂತಲೇ ದೋಬುತ್ಸು ಶೋಗಿ ಇದೆ, ಬರೀ 12 ಮನೆ, ಸಿಂಹ, ಆನೆ, ಜಿರಾಫೆ, ಕೋಳಿಮರಿ. ಮರಿ ಕೊನೆಯ ಸಾಲು ಮುಟ್ಟಿದರೆ ಕೋಳಿ ಆಗುತ್ತೆ. ಆನ್‌ಲೈನ್‌ನಲ್ಲಿ ಆಡೋರಿಗೆ ಲಿಶೋಗಿ ಉಚಿತವಾಗಿ ಸಿಗುತ್ತೆ. ಬಲ ಹೆಚ್ಚಿರೋರ ಜೊತೆ ಆಡುವಾಗ ಅವರು ತಮ್ಮ ರಥ, ಮೂಲೆ ಎರಡನ್ನೂ ತೆಗೆದಿಟ್ಟು ಆಡೋ ಪದ್ಧತಿಯೂ ಇದೆ, ಕೇಳೋಕೆ ಸಂಕೋಚ ಬೇಡ.

ಶನಿವಾರ ಸಂಜೆ ಮೆಸ್ಸಿನ ಕೊನೇ ಟೇಬಲ್ಲಿನಲ್ಲಿ ನಾವು ಇರ್ತೀವಿ. ಬ್ಯಾಕ್ ಎಷ್ಟಿದೆ ಅಂತ ಯಾರೂ ಕೇಳಲ್ಲ. ಮೊದಲ ಹತ್ತು ಆಟ ನೀವು ಸೋಲ್ತೀರಿ, ಅದು ಗ್ಯಾರಂಟಿ. ಸೋತ ಮೇಲೆ ಎದ್ದು ಹೋಗಬೇಡಿ, ಅಷ್ಟೇ ನಮ್ಮ ಷರತ್ತು. ಟೀ ಬರುತ್ತೆ, ಕೂತು ಮಾತಾಡೋಣ.